ತೊಪ್ಪೂರು ಘಾಟಿಯ 48 ಗಂಟೆ

ಬೆಂಗಳೂರಿನಿಂದ ಸೇಲಂ ಕಡೆ ಹೊರಟ ಲಾರಿಗಳು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ ಇಳಿಯಬೇಕು. ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಡುವವರಿದ್ದಾರೆ. ಬ್ರೇಕ್ ಕಾದು ಹಿಡಿಯದೆ ಹೋದರೆ ಮುಂದಿದ್ದವರ ಗತಿ ಮುಗಿಯಿತು. 2024ರ ಜನವರಿಯಲ್ಲಿ ಇಲ್ಲಿ ಲಾರಿಗಳ ಸರಣಿ ಡಿಕ್ಕಿಯಾಗಿ ನಾಲ್ವರು ಸತ್ತರು.

ನಾನು ಈ ಸೀಮೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಮನೆಮಾತು ಕನ್ನಡ. ತುಮಕೂರು, ಹಾಸನದ ಡ್ರೈವರುಗಳು ಸ್ಟ್ರೆಚರ್ ಮೇಲೆ ಬಂದರೆ ನನ್ನನ್ನೇ ಕರೆಸುತ್ತಿದ್ದರು. ಕಾಲು ಮುರಿದು ನರಳುವಾಗಲೂ ಅವರು ಕೇಳುತ್ತಿದ್ದದ್ದು ಒಂದೇ: “ಸಿಸ್ಟರ್, ದುಡ್ಡು ಎಷ್ಟಾಗುತ್ತೆ?”

ಆ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಹೇಳುವಂತಾದದ್ದು 2021ರ ಡಿಸೆಂಬರ್ 18ರ ನಂತರ. ಅಂದು ತಮಿಳುನಾಡು ಸರ್ಕಾರ ‘ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48’ ಯೋಜನೆ ಶುರು ಮಾಡಿತು. ರಾಜ್ಯದ ಗಡಿಯೊಳಗೆ ರಸ್ತೆ ಅಪಘಾತವಾದರೆ, ಗಾಯಾಳು ಯಾವ ಊರಿನವರೇ ಆಗಲಿ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮೊದಲ 48 ಗಂಟೆಯ ಚಿಕಿತ್ಸೆ ಉಚಿತ. ಆರಂಭದ ಮಿತಿ ತಲಾ 1 ಲಕ್ಷ ರೂಪಾಯಿ. ಕರ್ನಾಟಕ 2016ರಲ್ಲೇ ಹರೀಶ್ ಸಾಂತ್ವನ ಯೋಜನೆ ತಂದಿತ್ತು, ಆದರೆ ಅದರ ಮಿತಿ 25 ಸಾವಿರ.

ಎಲ್ಲರಿಗೂ ಆರೋಗ್ಯ ವಿಮೆ ಎಂದರೆ ಹೀಗಿರಬೇಕು ಎನ್ನುವುದು ನನ್ನ ನಂಬಿಕೆ. ಆದಾಯ ಪತ್ರ ಬೇಡ, ಪಡಿತರ ಚೀಟಿ ಬೇಡ.

49ನೇ ಗಂಟೆಗೆ ವಿಮಾ ಕಾರ್ಡಿನ ಮಾತು ಬರುತ್ತದೆ. ತಮಿಳುನಾಡು ಮುಖ್ಯಮಂತ್ರಿಗಳ ವಿಮಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ, ಆದರೆ ವಾರ್ಷಿಕ ಆದಾಯ 1,20,000 ರೂಪಾಯಿ ಮೀರಬಾರದು. ತಿಂಗಳಿಗೆ 15 ಸಾವಿರ ದುಡಿಯುವ ಡ್ರೈವರನ ಲೆಕ್ಕ 1,80,000 ಆಗುತ್ತದೆ. ಅವನೇನು ಶ್ರೀಮಂತನೇ? ಕಾರ್ಡ್ ಇಲ್ಲದವನು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ಸಾಲ ಮಾಡಿ ಖಾಸಗಿಯಲ್ಲಿ ಕಟ್ಟಬೇಕು. ಈ ಆದಾಯದ ಗೆರೆಯನ್ನು ಅಳಿಸಲೇಬೇಕು.

ಅಳಿಸಿದರೆ ಖರ್ಚು ಏರುತ್ತದೆ, ನಿಜ. ತಮಿಳುನಾಡು ವಿಮಾ ಕಂಪನಿಗೆ ಪ್ರೀಮಿಯಂ ಕಟ್ಟುತ್ತದೆ. ಕರ್ನಾಟಕದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗಳ ಬಿಲ್ ತೀರಿಸುತ್ತದೆ. ದಾರಿ ಯಾವುದಾದರೂ ಪ್ಯಾಕೇಜ್ ದರ ಕಡಿಮೆಯಾದರೆ ಖಾಸಗಿ ಆಸ್ಪತ್ರೆಗಳು ಹಿಂಜರಿಯುತ್ತವೆ, ಹೆಚ್ಚಾದರೆ ಬೇಡದ ಆಪರೇಷನ್ನಿಗೂ ಆಸೆ ಹುಟ್ಟುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆಯಿದೆ. ಇಂಥ ವಿಮೆಯ ಹಣ ಬಹುಪಾಲು ಹೋಗುವುದು ಅಡ್ಮಿಟ್ ಆದವರಿಗೆ. ಬಿಪಿ ಮಾತ್ರೆ ಬಿಟ್ಟು ಲಕ್ವ ಹೊಡೆದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಆ ಮಾತ್ರೆಯನ್ನು ಮನೆಬಾಗಿಲಿಗೆ ಕೊಡುವ ‘ಮಕ್ಕಳೈ ತೇಡಿ ಮರುತ್ತುವಂ’ 2021ರ ಆಗಸ್ಟ್‌ನಲ್ಲಿ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ಅದು ನಡೆಯುವುದು ವಿಮೆಯಿಂದಲ್ಲ, ಸರ್ಕಾರಿ ಆರೋಗ್ಯ ಸಿಬ್ಬಂದಿ ಮತ್ತು ಊರೂರಿನ ಕಾರ್ಯಕರ್ತೆಯರಿಂದ. ಯೋಜನಾ ಆಯೋಗ ನೇಮಿಸಿದ್ದ ಡಾ. ಶ್ರೀನಾಥ ರೆಡ್ಡಿ ಸಮಿತಿಯೂ 2011ರಲ್ಲಿ ಹೇಳಿದ್ದು ಇದನ್ನೇ: ತೆರಿಗೆ ಹಣ ವಿಮಾ ಕಂಪನಿಗಳ ಕೈಗೆ ಹೋಗದೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಗಟ್ಟಿ ಮಾಡಬೇಕು. ಪ್ರೀಮಿಯಂಗೆ ಕೊಡುವ ಹಣ ನರ್ಸ್ ಹುದ್ದೆಗಳನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿಯನ್ನು ಕಸಿಯುವಂತಿದ್ದರೆ ಆ ವಿಮೆಯನ್ನು ನಾನು ಒಪ್ಪಲಾರೆ.

ಈ ಘಾಟಿಯಲ್ಲಿ ಓಡಾಡುವವರಿಗೆ ಒಂದು ಮಾತು. ಗಾಯಾಳು ಕಂಡರೆ ಯಾರು, ಎಲ್ಲಿಯವರು ಎಂದು ಯೋಚಿಸದೆ 108ಕ್ಕೆ ಫೋನ್ ಮಾಡಿ. ಪೊಲೀಸ್, ಕೋರ್ಟು ಎಂಬ ಭಯ ಬೇಡ: ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ರಕ್ಷಣೆಯಿದೆ.