ಪಂಚೆಯನ್ನು ಎಷ್ಟು ಎತ್ತರಕ್ಕೆ ಉಡಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಪಂಚೆ ಇನ್ನೂ ದಿನಬಳಕೆಯ ಉಡುಪು. ಆದರೆ ಪ್ಯಾಂಟು ತೊಟ್ಟು ಬೆಳೆದ ಹುಡುಗರು ಮದುವೆಗೋ ಜಾತ್ರೆಗೋ ಪಂಚೆ ಉಟ್ಟರೆ ಗಳಿಗೆಗೊಮ್ಮೆ ಸೊಂಟಕ್ಕೆ ಕೈ ಹಾಕುತ್ತಿರುತ್ತಾರೆ. ಪಂಚೆ ನಿಲ್ಲುವುದೇ ಇಲ್ಲ ಎಂಬುದು ಅವರ ದೂರು. ನಿಜವಾದ ಕಾರಣ, ಅವರು ಪ್ಯಾಂಟು ಕೂರುವ ಜಾಗದಲ್ಲೇ, ಅಂದರೆ ಸೊಂಟದ ಮೂಳೆಯ ಮೇಲೆ, ಪಂಚೆಯನ್ನೂ ಉಡುತ್ತಾರೆ. ಪ್ಯಾಂಟಿಗೆ ಹೊಲಿಗೆ, ಗುಂಡಿ, ಬೆಲ್ಟಿನ ಆಸರೆ ಇದೆ. ಪಂಚೆಗಿರುವುದು ಸುತ್ತಿದ ಬಿಗಿ ಮಾತ್ರ. ಹೊಕ್ಕುಳಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಎರಡು ಬೆರಳು ಮೇಲೆ ನಡು ಕಿರಿದು, ಅಲ್ಲಿಂದ ಕೆಳಕ್ಕೆ ಮೈ ಅಗಲವಾಗುತ್ತದೆ. ಅಲ್ಲಿ ಉಟ್ಟ ಬಟ್ಟೆ ಜಾರಬೇಕೆಂದರೂ ಕೆಳಗಿನ ಮೂಳೆ ಅದನ್ನು ತಡೆಯುತ್ತದೆ. ಸ್ಕಾಟ್ಲೆಂಡಿನ ಗಂಡಸರ ಕಿಲ್ಟಿಗೆ ಸಾಮಾನ್ಯವಾಗಿ ಸುಮಾರು 8 ಗಜ ಉಣ್ಣೆಬಟ್ಟೆ ಬೇಕು. ಅಷ್ಟು ಭಾರದ ಆ ಉಡುಪನ್ನೂ ಅಲ್ಲಿಯವರು ಹೊಕ್ಕುಳಿನ ಹತ್ತಿರಕ್ಕೇ ಕಟ್ಟುತ್ತಾರೆ, ಅಂಚು ಮಂಡಿಯ ನಡುಭಾಗಕ್ಕೆ ಬರುವಂತೆ.

ಬಟ್ಟೆಯ ಅಳತೆಯೂ ಇದನ್ನೇ ಹೇಳುತ್ತದೆ. ಪಂಚೆಯ ಅಗಲ ಸಾಮಾನ್ಯವಾಗಿ 50 ಇಂಚು. ಐದೂವರೆ ಅಡಿ ಎತ್ತರದವರ ಹೊಕ್ಕುಳು ನೆಲದಿಂದ ಸುಮಾರು 40 ಇಂಚು ಮೇಲಿರುತ್ತದೆ. ಉಳಿದ 10 ಇಂಚು, ಜೊತೆಗೆ ಅಂಚನ್ನು ಕಣಕಾಲಿನ ಮೇಲೆ ನಿಲ್ಲಿಸಿದಾಗ ಸಿಗುವ ಇನ್ನಷ್ಟು, ಮೇಲೆ ಮಡಚಿ ಸುರುಳಿ ಸುತ್ತಲು ಸರಿಹೋಗುತ್ತದೆ. ಮೂರು ನಾಲ್ಕು ಇಂಚು ಕೆಳಗೆ ಉಟ್ಟರೆ ಒಂದೋ ಅಂಚು ನೆಲಕ್ಕೆ ತಾಗಿ ಕಾಲಿಗೆ ತೊಡರುತ್ತದೆ, ಇಲ್ಲವೇ ಸುರುಳಿ ದಪ್ಪವಾಗಿ ಕೂತಾಗ ಮೂಳೆಗೆ ಒತ್ತುತ್ತದೆ. ಮಧುಗಿರಿಯ ಬಂಡೆ ಹತ್ತುವವರಿಗೆ ಈ ತೊಡರು ಅಪಾಯವೇ ಸರಿ. ಅಲ್ಲಿ ಪಂಚೆಯನ್ನು ಎತ್ತಿ ಕಟ್ಟಲೇಬೇಕು. ಎತ್ತಿ ಕಟ್ಟಿದಾಗ ಕೆಳಗಿನ ಅಂಚನ್ನೂ ನಡುವಿಗೇ ಸಿಕ್ಕಿಸುವುದರಿಂದ ಗಟ್ಟಿ ಜಾಗ ಇನ್ನೂ ಮುಖ್ಯ.

ಪಾವಗಡದ ಬಿಸಿಲಲ್ಲಿ ಅಷ್ಟು ಮೇಲೆ ಉಟ್ಟರೆ ಬೆವರಿ ತುರಿಸುವುದಿಲ್ಲವೇ ಎಂದು ಕೇಳಬಹುದು. ತಳ್ಳಿಹಾಕುವ ಮಾತಲ್ಲ ಇದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲೇ ಧೋತಿ ಉಡುವವರ ಸೊಂಟದ ಚರ್ಮಕ್ಕೆ ಬರುವ ಕ್ಯಾನ್ಸರನ್ನು ದಾಖಲಿಸಿದರು. ಅದು ಅಪರೂಪದ್ದು. ಅದಕ್ಕೆ ದಾರಿಮಾಡುವುದು ಉಟ್ಟ ಎತ್ತರವಲ್ಲ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಬಿಗಿದು ಕಟ್ಟಿದ ಬಟ್ಟೆಯ ಉಜ್ಜಾಟ. ಜಾರುವ ಜಾಗದಲ್ಲಿ ಉಟ್ಟವರೇ ಹೆಚ್ಚು ಬಿಗಿಯುತ್ತಾರೆ. ಕಿರಿದಾದ ನಡುವಿಗೆ ಉಟ್ಟರೆ ಹದವಾದ ಬಿಗಿ ಸಾಕು. ದಿನವೂ ಒಂದು ಬೆರಳು ಆಚೀಚೆ ಮಾಡಿ, ಸುರುಳಿಯನ್ನು ಅಗಲವಾಗಿ ಇಟ್ಟು, ಉಡಿದಾರ ಅದರಡಿ ಸಿಕ್ಕದಂತೆ ನೋಡಿಕೊಂಡರೆ ಚರ್ಮಕ್ಕೆ ಬಿಡುವು ಸಿಗುತ್ತದೆ. ಕಲೆಯೋ ಹುಣ್ಣೋ ಮಾಯದೆ ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ಹೊಟ್ಟೆ ಬಂದವರ ವಿಷಯ ಬೇರೆ. ಅವರಿಗೆ ಹೊಕ್ಕುಳೇ ಅತಿ ಅಗಲದ ಜಾಗ, ಅಲ್ಲಿ ಉಟ್ಟದ್ದು ಉರುಳಿ ಇಳಿಯುತ್ತದೆ. ಹೊಟ್ಟೆಯ ಕೆಳಗೆ ಉಟ್ಟು, ಹಿಂಬದಿಯನ್ನು ತುಸು ಮೇಲಕ್ಕೆ ಎಳೆದು, ಮೇಲೊಂದು ಅಗಲ ಬೆಲ್ಟು ಹಾಕುವುದೇ ಅವರಿಗೆ ಸರಿ. ಕಚ್ಚೆ ಹಾಕಿ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವವರೂ ಹೊಕ್ಕುಳಿಗಿಂತ ಕೆಳಗೇ ಉಡಬೇಕು: ಕುಕ್ಕರುಗಾಲಲ್ಲಿ ಕೂತಾಗ ಬೆನ್ನಹಿಂದಿನ ಬಟ್ಟೆ ಎಳೆದುಕೊಳ್ಳುವುದರಿಂದ, ಮೇಲೆ ಸಿಕ್ಕಿಸಿದ ಕಚ್ಚೆ ಕಿತ್ತು ಬರುತ್ತದೆ. ಉಟ್ಟ ಮೇಲೆ ಒಮ್ಮೆ ಪೂರ್ತಿ ಕುಕ್ಕರಿಸಿ ಎದ್ದು ನೋಡಿದರೆ ತಮ್ಮ ಮೈಗೆ ಒಗ್ಗುವ ಎತ್ತರ ಯಾವುದೆಂದು ತಿಳಿಯುತ್ತದೆ.