ಬೆಂಗಳೂರಲ್ಲಿ ಸೋದರಮಾವನ ಮನೆ ಇಲ್ಲದವರು ಪತ್ರಕರ್ತರಾಗಬಾರದಾ?

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಪ್ರತಿ ವರ್ಷ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. ಕಳಿಸುವವರು ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಹುಡುಗ ಹುಡುಗಿಯರು. ಪತ್ರಿಕೋದ್ಯಮ ಓದ್ತಿರೋರು. ಕೇಳೋದು ಇಷ್ಟೇ: "ಅಣ್ಣಾ, ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಎರಡು ತಿಂಗಳು. ದುಡ್ಡು ಕೊಡಲ್ವಂತೆ, ಸರ್ಟಿಫಿಕೇಟ್ ಕೊಡ್ತಾರಂತೆ. ಹೋಗ್ಲಾ, ಬೇಡ್ವಾ?"

ಹೋಗು ಅಂತ ಹೇಳೋದು ಸುಲಭ. ಆದರೆ ಆ ಪ್ರಶ್ನೆಯ ಹಿಂದೆ ಒಂದು ಲೆಕ್ಕ ಇದೆ, ಒಂದು ಕಾನೂನಿನ ತೂತು ಇದೆ, ನಮ್ಮೂರಿನ ಸುದ್ದಿಯನ್ನು ಯಾರು ಬರೀತಾರೆ ಅನ್ನೋ ರಾಜಕೀಯವೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

ತರೀಕೆರೆ ಕಡೆಯ ರೈಲು, ಅಜ್ಜಂಪುರ ಕಡೆಯ ರೈಲು ಎರಡೂ ಬೀರೂರಿನಲ್ಲಿ ಸೇರಿ, ಕಡೂರು, ಅರಸೀಕೆರೆ, ತುಮಕೂರು ದಾಟಿ ಬೆಂಗಳೂರು ಮುಟ್ಟುತ್ತವೆ. ರೈಲಿನ ಟಿಕೆಟ್ ದೊಡ್ಡ ವಿಷಯವಲ್ಲ. ಖರ್ಚು ಶುರುವಾಗೋದು ಇಳಿದ ಮೇಲೆ.

ಇದು ಸಮೀಕ್ಷೆ ಅಲ್ಲ, ಕೈಬೆರಳಲ್ಲಿ ಎಣಿಸಿದ ಲೆಕ್ಕ. ಮೂರು ಜನ ಹಂಚಿಕೊಳ್ಳುವ ಪಿಜಿ ರೂಮಿಗೆ ತಿಂಗಳಿಗೆ 7,500 ಅಂತಿಟ್ಟುಕೊಳ್ಳಿ. ಬಿಎಂಟಿಸಿ ಸಾಮಾನ್ಯ ಪಾಸ್ 2025ರ ದರ ಏರಿಕೆಯ ನಂತರ 1,200. ಹುಡುಗಿಯಾದರೆ ಶಕ್ತಿ ಯೋಜನೆಯಿಂದ ಇದೊಂದು ಉಳಿಯುತ್ತೆ. ಮಧ್ಯಾಹ್ನದ ಊಟ, ಟೀ, ಫೋನ್ ರೀಚಾರ್ಜ್, ಊರಿಗೆ ಒಂದು ಸಲ ಹೋಗಿ ಬರೋದು ಎಲ್ಲ ಸೇರಿ 3,300. ಒಟ್ಟು ತಿಂಗಳಿಗೆ 12,000, ಎರಡು ತಿಂಗಳಿಗೆ 24,000. ಪಿಜಿಯ ಅಡ್ವಾನ್ಸ್ ಇದರಲ್ಲಿ ಸೇರಿಸಿಲ್ಲ.

2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಮಗ "ಉಚಿತ" ಇಂಟರ್ನ್‌ಶಿಪ್ ಮಾಡಬೇಕು ಅಂದ್ರೆ ಅವನ ಅವ್ವ 65 ದಿನ ಮಣ್ಣು ಹೊರಬೇಕು. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಡುವ ಕೋರ್ಸ್ ಆದರೆ ಅದರ ಫೀಸನ್ನೂ ಕಟ್ಟಿರುತ್ತಾನೆ. ಕಾಲೇಜಿಗೆ ದುಡ್ಡು ಕೊಟ್ಟು, ಬೆಂಗಳೂರಿಗೆ ದುಡ್ಡು ಕೊಟ್ಟು, ಕಂಪನಿಗೆ ಬಿಟ್ಟಿ ಕೆಲಸ ಮಾಡಿಕೊಡೋದು ಇದು.

ನಾನು ಇಂಜಿನಿಯರಿಂಗ್ ಮುಗಿಸಿ ಈ ಕಡೆ ಬಂದವನು. ಜೊತೆಗೆ ಓದಿದವರಲ್ಲಿ ಕೆಲವರಿಗೆ ಐಟಿ ಕಂಪನಿಗಳು ಇಂಟರ್ನ್‌ಶಿಪ್‌ನಲ್ಲೇ ಸ್ಟೈಪೆಂಡ್ ಕೊಟ್ಟಿದ್ದವು. ನಾನು ಒಂದು ಸುದ್ದಿಮನೆಯ ಡೆಸ್ಕಲ್ಲಿ ಎರಡು ತಿಂಗಳು ಏಜೆನ್ಸಿ ಕಾಪಿ ಅನುವಾದ ಮಾಡಿದೆ, ಹೆಸರಿಲ್ಲದೆ, ಸಂಬಳವಿಲ್ಲದೆ. ಆದರೂ ಉಳಿದುಕೊಂಡೆ. ಯಾಕೆ ಅಂದ್ರೆ ಯಶವಂತಪುರದಲ್ಲಿ ಸೋದರಮಾವನ ಮನೆ ಇತ್ತು, ಅತ್ತೆ ದಿನಾ ಡಬ್ಬಿ ಕಟ್ಟಿಕೊಡ್ತಿದ್ರು. ನನಗಿಂತ ಚೆನ್ನಾಗಿ ಬರೀತಿದ್ದ ಒಬ್ಬ ಮೂರನೇ ವಾರಕ್ಕೆ ಊರಿಗೆ ವಾಪಸ್ ಹೋದ. ಅವನಿಗೆ ಬೆಂಗಳೂರಲ್ಲಿ ಮಾವ ಇರಲಿಲ್ಲ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಯೋಜನೆಗಳಿಗೇನು ಕಡಿಮೆಯಿಲ್ಲ. ಆದರೆ ಓದುತ್ತಿರುವ ವಿದ್ಯಾರ್ಥಿ ಪ್ರತಿಯೊಂದರ ಬಾಗಿಲಲ್ಲೂ ನಿಂತುಬಿಡ್ತಾನೆ.

ಯುವನಿಧಿಗೆ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ. ಆದರೆ ಡಿಗ್ರಿ ಮುಗಿದಿರಬೇಕು, ಆಮೇಲೂ ಕೆಲಸ ಸಿಗದೆ ಆರು ತಿಂಗಳು ಕಳೆದಿರಬೇಕು.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ಕೇಂದ್ರ 2024ರ ಜುಲೈ ಬಜೆಟ್‌ನಲ್ಲಿ ಘೋಷಿಸಿತು. ಆಗ ಗೊತ್ತುಮಾಡಿದ್ದು ತಿಂಗಳಿಗೆ 5,000, ಜೊತೆಗೆ ಒಂದು ಸಲ 6,000. ಆದರೆ ಶುರುವಾದಾಗ ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿರುವವರು ಅರ್ಜಿ ಹಾಕುವ ಹಾಗಿರಲಿಲ್ಲ.

ಮೂರನೆಯದು 1961ರ ಅಪ್ರೆಂಟಿಸ್ ಕಾಯ್ದೆ. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಡಿಗ್ರಿ ಮಟ್ಟದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಆದರೆ ಇದಕ್ಕೆ ಕರಾರುಪತ್ರ ಆಗಬೇಕು, ಅದು ನೋಂದಣಿ ಆಗಬೇಕು. ನಿಮ್ಮನ್ನು "ಅಪ್ರೆಂಟಿಸ್" ಅಂದರೆ 9,000, "ಇಂಟರ್ನ್" ಅಂದರೆ ಸೊನ್ನೆ. ಕುರ್ಚಿ ಅದೇ, ಕೆಲಸ ಅದೇ, ಪದ ಮಾತ್ರ ಬೇರೆ.

ಹಾಗಾದರೆ ಕನಿಷ್ಠ ವೇತನ? 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪತ್ರಕರ್ತರನ್ನು ಕಾರ್ಮಿಕರ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಕಾಯ್ದೆಯಡಿ ನೇಮಕವಾದ ಅಪ್ರೆಂಟಿಸ್‌ಗಳನ್ನು ಹೊರಗಿಟ್ಟಿದೆ. ಇಂಟರ್ನ್ ಯಾರು ಅಂತ ಅದು ಹೇಳೋದೇ ಇಲ್ಲ.

ಹೀಗೆ ವಿದ್ಯಾರ್ಥಿ ನಿರುದ್ಯೋಗಿಯೂ ಅಲ್ಲ, ಅಪ್ರೆಂಟಿಸೂ ಅಲ್ಲ, ಕಾರ್ಮಿಕನೂ ಅಲ್ಲ. ಇರೋದರಲ್ಲಿ ನಮ್ಮ ವಾರ್ತಾ ಇಲಾಖೆ ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಶಿಷ್ಯವೇತನದ ತರಬೇತಿ ಕೊಡುತ್ತಾ ಬಂದಿದೆ. ಒಳ್ಳೆಯ ಕೆಲಸ. ಆದರೆ ಅದೂ ಡಿಗ್ರಿ ಮುಗಿದ ಮೇಲೆ.

ಇದರಿಂದ ಸುದ್ದಿಗೇನು ನಷ್ಟ?

"ಪತ್ರಕರ್ತರ ಕಷ್ಟ ಪತ್ರಕರ್ತರಿಗೆ, ನಮಗೇನು?" ಅಂತ ಅನ್ನಿಸಬಹುದು. ಚಿಕ್ಕಮಗಳೂರು ಜಿಲ್ಲೆಯ ಸುದ್ದಿಯನ್ನು ಬೆಂಗಳೂರಿನ ಡೆಸ್ಕ್ ಹೇಗೆ ನೋಡುತ್ತೆ ಅಂತ ಗಮನಿಸಿ. ಮುಳ್ಳಯ್ಯನಗಿರಿಯ ಟ್ರಾಫಿಕ್ ಜಾಮ್, ಕಾಫಿ, ಬಾಬಾಬುಡನ್‌ಗಿರಿಯ ವಿವಾದ. ಅದೇ ಜಿಲ್ಲೆಯ ಕಡೂರು ಬರಗಾಲದ ತಾಲೂಕು ಅನ್ನೋದು ಎಷ್ಟು ಜನರಿಗೆ ಗೊತ್ತು? ಬತ್ತಿದ ಬೋರ್‌ವೆಲ್, ಒಣಗಿದ ತೆಂಗಿನ ತೋಟ, ಅಜ್ಜಂಪುರದ ಈರುಳ್ಳಿ ರೇಟು, ಇವು ಜಿಲ್ಲಾ ಪುಟ ದಾಟೋದು ಕಷ್ಟ.

ಭದ್ರಾ ಮೇಲ್ದಂಡೆಯನ್ನೇ ತಗೊಳ್ಳಿ. ನೀರು ಎತ್ತುವುದು ತರೀಕೆರೆ ತಾಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದಿಂದ, ಅದು ಹಾಯುವುದು ಅಜ್ಜಂಪುರದ ಬಳಿಯ ಸುರಂಗದಿಂದ. 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು, ಆ ದುಡ್ಡು ಬಂತಾ ಇಲ್ವಾ ಅನ್ನೋದು ದೆಹಲಿ-ಬೆಂಗಳೂರಿನ ಜಗಳವಾಯಿತು. ಅದು ಬೇಕಾದ ಸುದ್ದಿಯೇ. ಆದರೆ ನೀರು ಹಾಯುವ ಊರಿಗೆ ಎಷ್ಟು ನೀರು, ಜಮೀನು ಕೊಟ್ಟವರಿಗೆ ಪರಿಹಾರ ಸಿಕ್ತಾ ಅಂತ ಕೇಳಬೇಕಾದವರು ಆ ಊರಿನ ರಸ್ತೆ ಗೊತ್ತಿರೋರು. ಅವರು ಪಿಜಿ ಬಾಡಿಗೆ ಕಟ್ಟಲಾಗದೆ ವಾಪಸ್ ಹೋಗಿರ್ತಾರೆ.

ಇದು ಬರೀ ಊರಿನ ಪ್ರಶ್ನೆಯೂ ಅಲ್ಲ. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿಯ 2019ರ ಅಧ್ಯಯನ ಇಂಗ್ಲಿಷ್, ಹಿಂದಿ ಮಾಧ್ಯಮಗಳ 121 ಉನ್ನತ ಹುದ್ದೆಗಳನ್ನು ನೋಡಿತ್ತು. 106ರಲ್ಲಿ ಮೇಲ್ಜಾತಿಯವರಿದ್ದರು, ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. ಇದಕ್ಕೆ ಇಂಟರ್ನ್‌ಶಿಪ್ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ನಗರದಲ್ಲಿ ಮನೆ, ನೆಂಟರು, ಎರಡು ತಿಂಗಳ ಖರ್ಚು ಇದ್ದವರಷ್ಟೇ ದಾಟಬಹುದಾದ ಮೊದಲ ಜರಡಿ ಅದು. ಆ ಜರಡಿ ಯಾವ ಜಾತಿಯವರನ್ನು ಹೆಚ್ಚು ಸೋಸುತ್ತೆ ಅಂತ ವಿವರಿಸಬೇಕಿಲ್ಲ.

"ಕಲಿಸೋದೇ ನಾವು, ದುಡ್ಡೂ ನಾವೇ ಕೊಡಬೇಕಾ?"

ಸಂಪಾದಕರ ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹೊಸಬರ ಕಾಪಿ ತಿದ್ದೋಕೆ ಸಮಯ ಹಿಡಿಯುತ್ತೆ. ಜಿಲ್ಲಾ ಪತ್ರಿಕೆಗಳ ಕೈಯಲ್ಲಿ ನಿಜಕ್ಕೂ ದುಡ್ಡಿಲ್ಲ. ಬರೀ ಕಡ್ಡಾಯ ಮಾಡಿದರೆ ಬಾಗಿಲೇ ಮುಚ್ಚಬಹುದು. ಅಮೆರಿಕದಲ್ಲಿ ಇಂಟರ್ನ್‌ಗಳು ಕೋರ್ಟಿಗೆ ಹೋದ ಮೇಲೆ ಕಾಂಡೆ ನಾಸ್ಟ್ ಎಂಬ ದೊಡ್ಡ ಮ್ಯಾಗಜಿನ್ ಸಂಸ್ಥೆ 2013ರಲ್ಲಿ ಇಂಟರ್ನ್‌ಶಿಪ್ಪನ್ನೇ ನಿಲ್ಲಿಸಿತು. ಮರುವರ್ಷ ಹಳೆಯ ಇಂಟರ್ನ್‌ಗಳಿಗೆ 58 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಇನ್ನೊಂದು ಕಡೆ, ವೈಟ್‌ಹೌಸ್ 2022ರಿಂದ ತನ್ನ ಇಂಟರ್ನ್‌ಗಳಿಗೆ ದುಡ್ಡು ಕೊಡೋಕೆ ಶುರುಮಾಡಿತು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತೆ.

ನಮ್ಮಲ್ಲಿ ಮಾಡಬಹುದಾದದ್ದು ಎರಡು. ಸರ್ಕಾರಿ ಜಾಹೀರಾತು ಅಂದ್ರೆ ನಮ್ಮ ತೆರಿಗೆ ದುಡ್ಡು. ಅದನ್ನು ಪಡೆಯುವ ದೊಡ್ಡ ಮಾಧ್ಯಮ ಸಂಸ್ಥೆಗಳು ಇಂಟರ್ನ್‌ಗಳಿಗೆ ಅಪ್ರೆಂಟಿಸ್ ಮಟ್ಟದ ಸ್ಟೈಪೆಂಡ್ ಕೊಡಲೇಬೇಕು ಅಂತ ಷರತ್ತು ಹಾಕಬಹುದು. ಎರಡನೆಯದು, ಇಂಟರ್ನ್‌ಶಿಪ್ ಅಂದ್ರೆ ಬೆಂಗಳೂರೇ ಅನ್ನೋ ಭ್ರಮೆ ಬಿಡೋದು. ಈ ಮೂರೂ ತಾಲೂಕಿನ ಡಿಗ್ರಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಕಡೂರಿನ ತಾಲೂಕು ವರದಿಗಾರರ ಜೊತೆ ಎರಡು ತಿಂಗಳು ತಾಲೂಕು ಕಚೇರಿ, ಎಪಿಎಂಸಿ, ಗ್ರಾಮಸಭೆ ಸುತ್ತಿದರೆ ಅದಕ್ಕೂ ಪೂರ್ತಿ ಕ್ರೆಡಿಟ್ ಕೊಡಲಿ. ವಿದ್ಯಾರ್ಥಿಗೂ, ಕಲಿಸುವ ವರದಿಗಾರರಿಗೂ ಗೌರವಧನವನ್ನು ಸರ್ಕಾರ ಕೊಡಲಿ. ಅಜ್ಜಂಪುರ ತಾಲೂಕಾಗಿದ್ದೇ 2018ರಲ್ಲಿ. ಹೊಸ ತಾಲೂಕಿನ ಕಚೇರಿಗಳು ಹೇಗೆ ನಡೀತಿವೆ ಅನ್ನೋದು ಏಜೆನ್ಸಿ ಕಾಪಿ ಅನುವಾದಕ್ಕಿಂತ ಒಳ್ಳೆಯ ಪಾಠ.

ಸದ್ಯಕ್ಕೆ ಮೆಸೇಜ್ ಮಾಡಿದವರಿಗೆ ನನ್ನ ಉತ್ತರ: ಹೋಗೋ ಮುಂಚೆ ನಾಲ್ಕು ವಿಷಯ ಬರಹದಲ್ಲಿ ಕೇಳಿ. ದಿನಕ್ಕೆ ಎಷ್ಟು ಗಂಟೆ ಕೆಲಸ? ಬರೆದದ್ದಕ್ಕೆ ಬೈಲೈನ್ ಇದೆಯಾ? ಕಾಪಿ ತಿದ್ದಿ ತೋರಿಸುವವರು ಯಾರು? ವರದಿಗೆ ಓಡಾಡಿದ ಖರ್ಚು ಯಾರದ್ದು? ನಾಲ್ಕಕ್ಕೂ ಉತ್ತರ ಬರದಿದ್ದರೆ ಅವರಿಗೆ ಬೇಕಿರೋದು ವಿದ್ಯಾರ್ಥಿ ಅಲ್ಲ, ಬಿಟ್ಟಿ ಆಳು. ಬೇಡ ಅಂತ ಹೇಳಿ, ಅವಮಾನ ಏನಿಲ್ಲ. ಉತ್ತರ ಸರಿಯಾಗಿದ್ದರೆ, ಮನೆಯಲ್ಲಿ ಖರ್ಚಿನ ಲೆಕ್ಕ ಪೂರ್ತಿ ಹೇಳಿ ಹೊರಡಿ.

ಈ ಲೇಖನ ಓದುತ್ತಿರುವ ಸಂಪಾದಕರೇ, ನಿಮ್ಮ ಸಂಸ್ಥೆಯಲ್ಲೇ ಈಗ ಒಬ್ಬ ಇಂಟರ್ನ್ ಇರಬಹುದು. ಈ ತಿಂಗಳ ಬಾಡಿಗೆ ಹೇಗೆ ಕಟ್ಟಿದೆ ಅಂತ ಒಂದು ಸಲ ಕೇಳಿ ನೋಡಿ.