ಗರಗಸ ಮರ ಸುಡ್ತಿದೆಯಾ? ಸಾಣೆಗೆ ಕೊಡೋ ಮುಂಚೆ ಟೇಬಲ್ ನೋಡಿ

ನಂಜನಗೂಡು: ಇಲ್ಲಿ, ತಿ.ನರಸೀಪುರದಲ್ಲಿ ಬಾಗಿಲು-ಕಿಟಕಿ ಮಾಡುವ ಅಂಗಡಿಯವರಿಗೆ ಗೊತ್ತಿರುವ ತಲೆನೋವು ಇದು: ಟೇಬಲ್ ಗರಗಸದಲ್ಲಿ ಕೊಯ್ದ ತೇಗದ ಅಂಚು ಕಪ್ಪಾಗುತ್ತದೆ, ಹಲಗೆ ಅರ್ಧದಲ್ಲೇ ಬಿಗಿದುಕೊಳ್ಳುತ್ತದೆ. ಬ್ಲೇಡ್ ಮೊಂಡಾಗಿದೆ ಅನ್ನಿಸೋದು ಸಹಜ. ಸಾಣೆ ಹಿಡಿಸಿದ ಮೇಲೂ ಸುಟ್ಟರೆ ಜೋಡಣೆ ತಪ್ಪಿರಬಹುದು.

ಮೊದಲು ಪ್ಲಗ್ ಕೀಳಿ. ಬ್ಲೇಡ್ ಪೂರ್ತಿ ಎತ್ತಿ, ಒಂದು ಹಲ್ಲಿಗೆ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಟೇಬಲ್ ಮೇಲಿನ ಉದ್ದ ಗಾಡಿಯಿಂದ ದೂರ ಅಳೆಯಿರಿ. ಬ್ಲೇಡ್ ಕೈಯಲ್ಲೇ ತಿರುಗಿಸಿ, ಅದೇ ಹಲ್ಲು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿಬಿಡುತ್ತೆ. ವ್ಯತ್ಯಾಸ 0.1 ಮಿ.ಮೀ. ದಾಟಬಾರದು.

ದಾಟಿದರೆ ಬ್ಲೇಡ್ ಹೊತ್ತ ಭಾಗದ ಬೋಲ್ಟ್, ಕೆಲವು ಮೆಷಿನ್‌ಗಳಲ್ಲಿ ಟೇಬಲ್ ಬೋಲ್ಟ್, ಸಡಿಲಿಸಿ ಸ್ವಲ್ಪ ಸ್ವಲ್ಪವೇ ಸರಿಸಿ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗಲೂ ಜರುಗುತ್ತೆ.

ಗೈಡ್ ಪಟ್ಟಿ ಹೊಂದಿಸೋದು ಆಮೇಲೆ. ಅದರ ಹಿಂತುದಿ ಬ್ಲೇಡ್ ಕಡೆ ವಾಲಿದ್ದರೆ ಹಲಗೆ ಸಿಕ್ಕಿಹಾಕಿಕೊಳ್ಳುತ್ತೆ. ಮೇಲೇಳುವ ಹಿಂದಿನ ಹಲ್ಲುಗಳು ಅದನ್ನು ಎತ್ತಿ ನಿಮ್ಮ ಮೇಲೇ ಎಸೆಯುತ್ತವೆ. ಕೈ ಬ್ಲೇಡಿಗೆ ಹೋಗೋದು ಆ ಕ್ಷಣದಲ್ಲೇ.

ಕೊನೆಗೆ ಮೂಲೆಮಟ್ಟ ಇಟ್ಟು ಬ್ಲೇಡ್ ನೆಟ್ಟಗಿದೆಯಾ ನೋಡಿ. ಮಟ್ಟ ಹಲ್ಲಿಗೆ ತಾಗದೆ ತಟ್ಟೆಗೇ ತಾಗಬೇಕು. ಅರ್ಧ ಗಂಟೆ ಹೋದರೆ ಹೋಗಲಿ, ಬೆರಳು ಹೋದರೆ ಬರಲ್ಲ.